ರೇಖೆಗಿಂತ ಮೊದಲು ವ್ಯಾಪಾರ

ಬೇಡಿಕೆ ಮತ್ತು ಪೂರೈಕೆಯ ಪಾಠವನ್ನು ಆ ದಿನ ಬೋರ್ಡಿನ ಮೇಲೆ ಒಂದು ರೇಖೆಯನ್ನೂ ಎಳೆಯದೆ ಆರಂಭಿಸಿದೆ. ತರಗತಿಯಲ್ಲಿದ್ದ ಇಪ್ಪತ್ತು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಕೊಳ್ಳುವವರನ್ನಾಗಿಯೂ ಉಳಿದವರನ್ನು ಮಾರುವವರನ್ನಾಗಿಯೂ ಮಾಡಿ, ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. ಕೊಳ್ಳುವವರ ಚೀಟಿಗಳಲ್ಲಿ 100, 90, 80 ಎಂದು 10ರವರೆಗೆ ಇಳಿಯುವ ಅಂಕಿಗಳಿದ್ದವು. ಅದು ಅವರು ಕೊಡಬಹುದಾದ ಗರಿಷ್ಠ ಬೆಲೆ. ಮಾರುವವರ ಚೀಟಿಗಳಲ್ಲಿ 10ರಿಂದ 100ರವರೆಗೆ ಏರುವ ಉತ್ಪಾದನಾ ವೆಚ್ಚವಿತ್ತು. ಚೀಟಿಯನ್ನು ಯಾರಿಗೂ ತೋರಿಸಬಾರದು, ಒಬ್ಬರಿಗೆ ಒಂದೇ ವಸ್ತು, ನಷ್ಟಕ್ಕೆ ವ್ಯಾಪಾರವಿಲ್ಲ ಎಂಬುದಷ್ಟೇ ನಿಯಮ.

ಈ ವಿಧಾನಕ್ಕೆ ಗಟ್ಟಿಯಾದ ಹಿನ್ನೆಲೆಯಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಂದ ಇಂತಹ ವ್ಯಾಪಾರ ಮಾಡಿಸಿ, ಅದರ ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಅವರ ತರಗತಿಯಲ್ಲಿ ಪಾಲ್ಗೊಂಡಿದ್ದ ವರ್ನನ್ ಸ್ಮಿತ್, ಮುಂದೆ ಬೆಲೆಗಳನ್ನು ಎಲ್ಲರಿಗೂ ಕೇಳುವಂತೆ ಕೂಗುವ ಕ್ರಮವನ್ನು ಅಳವಡಿಸಿ, ಅದೇ ವ್ಯಾಪಾರವನ್ನು ಹಲವು ಸುತ್ತು ನಡೆಸಿ, 1962ರಲ್ಲಿ ತಮ್ಮ ಪ್ರಬಂಧ ಹೊರತಂದರು. ಪ್ರಾಯೋಗಿಕ ಅರ್ಥಶಾಸ್ತ್ರವನ್ನು ಬೆಳೆಸಿದ್ದಕ್ಕಾಗಿ 2002ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂದಿತು.

ನಾನು ಎರಡೂ ಕ್ರಮಗಳನ್ನು ಮಾಡಿಸಿದೆ. ಮೊದಲು ಎಲ್ಲರೂ ಓಡಾಡಿಕೊಂಡು ಜೋಡಿಯಾಗಿ ಚೌಕಾಸಿ ಮಾಡಿದಾಗ ಬೆಲೆಗಳು ಚೆಲ್ಲಾಪಿಲ್ಲಿಯಾದವು. ಒಂದು ಮೂಲೆಯಲ್ಲಿ 90ರ ಚೀಟಿಯವನು 80ರ ವೆಚ್ಚದವಳಿಂದ 85ಕ್ಕೆ ಕೊಂಡ. ಇನ್ನೊಂದು ಮೂಲೆಯಲ್ಲಿ ಅದೇ ವಸ್ತು 30ಕ್ಕೆ ಕೈಬದಲಾಯಿತು. ನಂತರ ಕೂಗಿ ವ್ಯಾಪಾರ ಮಾಡುವಂತೆ ಹೇಳಿ, ಕುದುರಿದ ಬೆಲೆಯನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಸುತ್ತು ಕಳೆದಂತೆ ಅಂಕಿಗಳು 50 ಮತ್ತು 60ರ ನಡುವೆ ಬಂದು ನಿಂತವು. ಐದು ವಸ್ತುಗಳು ಮಾರಾಟವಾದವು. ಚೀಟಿಗಳನ್ನೆಲ್ಲ ಬಿಡಿಸಿ, ಅವುಗಳಿಂದಲೇ ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಎಳೆದಾಗ ಅವು ಕೂಡಿದ್ದೂ ಅಲ್ಲಿಯೇ. ಯಾರ ಕೈಯಲ್ಲೂ ಇಲ್ಲದಿದ್ದ ಮಾಹಿತಿಯನ್ನು ತಾವೇ ಸೇರಿ ಬೆಲೆಯಾಗಿಸಿದ್ದೇವೆಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ ಅಚ್ಚರಿಯನ್ನು ಯಾವ ವ್ಯಾಖ್ಯೆಯೂ ಹುಟ್ಟಿಸಲಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ನಿಜವಾದ ಪಾಠವಿದ್ದುದು ಮುಂದಿನ ಸುತ್ತಿನಲ್ಲಿ. ಮಾರುವವರು ಪ್ರತಿ ವಸ್ತುವಿಗೆ 20ರಷ್ಟು ತೆರಿಗೆ ಕಟ್ಟಬೇಕೆಂದು ಹೇಳಿ, ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಮೊದಲೇ ಬರೆದಿಡಲು ಸೂಚಿಸಿದೆ. ಕೆಲವರು ಪೂರ್ತಿ ಮಾರುವವರ ಮೇಲೆ ಎಂದು ಬರೆದರು, ಉಳಿದವರು ಬೆಲೆಯೇ 20 ಏರುತ್ತದೆ ಎಂದರು. ವ್ಯಾಪಾರ ನಡೆದಾಗ ಬೆಲೆ 60 ಮತ್ತು 70ರ ನಡುವೆ ನೆಲೆಸಿತು, ಅಂದರೆ ಏರಿದ್ದು ಸುಮಾರು 10 ಮಾತ್ರ. ಅದೇ ತೆರಿಗೆಯನ್ನು ಕೊಳ್ಳುವವರ ಮೇಲೆ ಹಾಕಿದಾಗ ಬೆಲೆ 40 ಮತ್ತು 50ರ ನಡುವೆ ಇಳಿಯಿತು. ತೆರಿಗೆ ಸೇರಿ ಅವರು ತೆತ್ತದ್ದು ಮತ್ತೆ 60ರಿಂದ 70. ಕಾನೂನು ಯಾರ ಹೆಸರು ಹೇಳಿದರೂ ಹೊರೆ ಹಂಚಿಕೆಯಾದ ರೀತಿ ಬದಲಾಗಲಿಲ್ಲ. ನಮ್ಮ ಚೀಟಿಗಳಲ್ಲಿ ಎರಡೂ ಕಡೆಯ ಅಂಕಿಗಳು ಒಂದೇ ಪ್ರಮಾಣದಲ್ಲಿ ಏರಿಳಿಯುತ್ತಿದ್ದುದರಿಂದ ಅದು ಸಮಪಾಲಾಯಿತು. ಬೆಲೆ ಬದಲಾದರೂ ಅಷ್ಟಾಗಿ ಹಿಂದೆ ಸರಿಯಲಾಗದ ಪಕ್ಷವೊಂದಿದ್ದರೆ ಹೆಚ್ಚು ಹೊರೆ ಅದರ ಪಾಲಿಗೇ ಬರುತ್ತದೆ.

ಆಗ 50ರ ವೆಚ್ಚದ ಚೀಟಿ ಹಿಡಿದಿದ್ದ ವಿದ್ಯಾರ್ಥಿನಿ ಎದ್ದುನಿಂತು, "ಸರ್, ತೆರಿಗೆ ಬಂದ ಮೇಲೆ ನನ್ನ ವಸ್ತು ಮಾರಾಟವೇ ಆಗಲಿಲ್ಲ. ನನ್ನಿಂದ ತೆರಿಗೆಯೂ ಬರಲಿಲ್ಲವಲ್ಲ, ಹಾಗಾದರೆ ನನ್ನ ಲಾಭ ಯಾರಿಗೆ ಹೋಯಿತು?" ಎಂದು ಕೇಳಿದಳು. 60 ಕೊಡಲು ಸಿದ್ಧನಿದ್ದವನೂ ಅವಳಂತೆಯೇ ಬರಿಗೈಯಲ್ಲಿ ಉಳಿದಿದ್ದ. ನಾಲ್ಕು ವ್ಯಾಪಾರಗಳಿಂದ 80 ತೆರಿಗೆ ಸಂಗ್ರಹವಾಗಿತ್ತು. ನಡೆಯದೇ ಹೋದ ಐದನೆಯ ವ್ಯಾಪಾರದ 10ರಷ್ಟು ಪ್ರಯೋಜನ ಮಾತ್ರ ಯಾರಿಗೂ ದಕ್ಕಲಿಲ್ಲ. ಪಠ್ಯದ ಚಿತ್ರದಲ್ಲಿ ಆ ಎರಡು ರೇಖೆಗಳ ನಡುವೆ ಸಣ್ಣ ತ್ರಿಕೋನವಾಗಿ ಕಾಣುವ ಆ ನಷ್ಟವನ್ನು ಬೋರ್ಡಿನ ಮೇಲೆ ತೋರಿಸಲು ಅವಳನ್ನೇ ಕರೆದೆ.