ಸುಂಕದ: ಅರ್ಧದಲ್ಲಿ ನಿಂತ ಒಂದು ಅಡ್ಡಹೆಸರು

ನಮ್ಮ ಮನೆತನದ ಅಡ್ಡಹೆಸರು ‘ಸುಂಕದ’. ಊರಲ್ಲಿ ಇದ್ದಷ್ಟು ದಿನ ಇದರ ಬಗ್ಗೆ ವಿಚಾರ ಮಾಡಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ನೌಕರಿಗಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ಕಚೇರಿಯ ಕೌಂಟರಿನಲ್ಲಿ, ಇಂಗ್ಲಿಷಿನಲ್ಲಿ ಬರೆದಿದ್ದ ನನ್ನ ಹೆಸರನ್ನು ನೋಡಿ ‘ಸುಂಕಾಡ್, ಸುಂಕಾಡ್’ ಎಂದು ಮೂರು ಸಲ ಕೂಗಿದರೂ ಅದು ನನ್ನನ್ನೇ ಕರೆದದ್ದು ಎಂದು ತಿಳಿಯದೆ ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಸರದಿ ದಾಟಿದ ಮೇಲೆ ಹೋಗಿ ಕೇಳಿದಾಗ, ಅಲ್ಲಿದ್ದವರು ಮರ್ಯಾದೆಯಿಂದಲೇ “ನೀವು ಕೇರಳದ ಕಡೆಯವರಾ?” ಎಂದರು. ಅಚ್ಚ ಕನ್ನಡದ ಹೆಸರೊಂದು ಕನ್ನಡದವರ ಕಿವಿಗೇ ಹೀಗೆ ಪರಕೀಯವಾದದ್ದು ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ಈ ಹೆಸರಿನ ಬೆನ್ನು ಹತ್ತಿದ್ದೇನೆ.

ಸುಂಕ ಎಂಬ ಮಾತು ಸಂಸ್ಕೃತದ ‘ಶುಲ್ಕ’ದ ತದ್ಭವ. ಪ್ರಾಕೃತದಲ್ಲಿ ‘ಸುಂಕ’ವಾಗಿ ಅದೇ ರೂಪದಲ್ಲಿ ಕನ್ನಡದಲ್ಲಿ ನೆಲೆಸಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ; ಪಟ್ಟಣದ ಮಹಾದ್ವಾರದ ಬಳಿ ಶುಲ್ಕಶಾಲೆಯನ್ನೂ ಅದರ ಧ್ವಜವನ್ನೂ ನಿಲ್ಲಿಸುವುದು ಅವನ ಕೆಲಸ. ನಮ್ಮ ಭಾಷೆಯಲ್ಲಿ ತತ್ಸಮ ತದ್ಭವಗಳೆರಡೂ ಇಂದಿಗೂ ಬದುಕಿದ್ದು, ತಮ್ಮ ತಮ್ಮಲ್ಲೇ ಕೆಲಸ ಹಂಚಿಕೊಂಡಿವೆ. ಪರೀಕ್ಷೆಗೆ ಕಟ್ಟುವುದು ಶುಲ್ಕ, ದಸ್ತಾವೇಜು ನೋಂದಣಿಗೆ ಕಟ್ಟುವುದು ಮುದ್ರಾಂಕ ಶುಲ್ಕ. ಆದರೆ ಗಡಿ ದಾಟಿ ಬರುವ ಸರಕಿನ ಮೇಲೆ ಬೀಳುವುದು ಸೀಮಾಸುಂಕ. ಸರಕು ಮತ್ತು ದಾರಿ ಇರುವಲ್ಲಿ ಕನ್ನಡವು ಹಳೆಯ ತದ್ಭವವನ್ನು ಬಿಟ್ಟುಕೊಟ್ಟಿಲ್ಲ.

ಶಾಸನಗಳನ್ನು ತೆರೆದರಂತೂ ಈ ಶಬ್ದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಎಂಬ ತೆರಿಗೆಗಳು ಜೊತೆಜೊತೆಯಾಗಿಯೇ ಬರುತ್ತವೆ. ‘ಪೆರ್’ ಎಂದರೆ ಹಿರಿದು. ಪೆರ್ಜುಂಕವೆಂದರೆ ದೊಡ್ಡ ಸುಂಕ. ಪಕಾರ ಹಕಾರವಾದ ಮೇಲೆ ಅದೇ ಹೆಜ್ಜುಂಕವಾಯಿತು. ಇವುಗಳ ಮೇಲ್ವಿಚಾರಣೆಗೆ ಸುಂಕವೆರ್ಗಡೆ ಎಂಬ ಅಧಿಕಾರಿಗಳಿದ್ದರು. ಎತ್ತಿನ ಮೇಲೆ ಸರಕು ಹೇರಿಕೊಂಡು ಬರುವವರಿಂದ ಹೇರಿಗೆ ಇಷ್ಟು ಎಂದು ಪಡೆದು, ಅದರಲ್ಲಿ ಒಂದು ಪಾಲನ್ನು ದೇವರ ನಂದಾದೀವಿಗೆಗೋ ಮಠದ ಅನ್ನದಾನಕ್ಕೋ ಬಿಟ್ಟುಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘದವರು ತಾವಾಗಿಯೇ ಇಂಥ ದಾನ ಮಾಡಿದ ದಾಖಲೆಗಳೂ ಉಂಟು. ಸುಂಕವೆಂದರೆ ಬರೀ ಕಿತ್ತುಕೊಳ್ಳುವುದು ಎಂಬ ಇಂದಿನ ಭಾವನೆಯನ್ನು ಇಟ್ಟುಕೊಂಡು ಆ ಶಾಸನಗಳನ್ನು ಓದಿದರೆ ಅವು ಅರ್ಥವಾಗುವುದಿಲ್ಲ.

ಇಷ್ಟು ಶಬ್ದದ ಮಾತಾಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದರ ಕೊನೆಯ ‘ದ’ ಅಕ್ಷರ. ‘ಸುಂಕದ’ ಎಂಬುದು ಷಷ್ಠೀ ವಿಭಕ್ತಿ. ಸುಂಕದ ಏನು, ಸುಂಕದ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಮುಂದೆ ಒಂದು ನಾಮಪದ ಬಂದಾಗಲೇ ಅದು ಪೂರ್ತಿಯಾಗುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿದರೆ ಇದು ತಿಳಿಯುತ್ತದೆ: ಹಡಪದ ಅಪ್ಪಣ್ಣ, ಹೆಂಡದ ಮಾರಯ್ಯ, ಕನ್ನದ ಮಾರಿತಂದೆ, ಕೊಟ್ಟಣದ ಸೋಮಮ್ಮ. ಆ ಸಾಲಿನಲ್ಲೇ ಒಬ್ಬ ಸುಂಕದ ಬಂಕಣ್ಣನಿದ್ದಾನೆ. ‘ಬಂಕೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನ ಬರೆದ ಈ ಶರಣನ ಕಾಯಕವೇ ಸುಂಕ ವಸೂಲಿ. ತನ್ನ ವೃತ್ತಿಯ ಮಾತುಗಳನ್ನೇ ಅವನು ಅನುಭಾವಕ್ಕೆ ಬಳಸಿಕೊಂಡಿದ್ದಾನೆ. ನಮ್ಮ ಮನೆತನಕ್ಕೂ ಅವನಿಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಹೆಂಡದ, ಕನ್ನದ, ಕೊಟ್ಟಣದ ಎಂದು ಕೆಲಸವನ್ನು ಮೊದಲು ಹೇಳಿ ಆಮೇಲೆ ಮನುಷ್ಯನನ್ನು ಹೇಳುವ ಈ ಕಟ್ಟು ಎಂಟು ನೂರು ವರ್ಷಗಳಿಂದ ಹಾಗೆಯೇ ನಡೆದುಬಂದು ನಮ್ಮ ಮನೆಬಾಗಿಲಲ್ಲಿ ಇನ್ನೂ ಉಸಿರಾಡುತ್ತಿದೆ ಎಂಬುದೇ ನನಗೆ ದೊಡ್ಡ ಸಂಗತಿ.

ಊರಲ್ಲಿ ಅಜ್ಜನನ್ನು ಯಾರೂ ಹೆಸರಿನ ಕೊನೆಗೆ ‘ಸುಂಕದ’ ಹಚ್ಚಿ ಕರೆದದ್ದನ್ನು ನಾನು ಕೇಳಿಲ್ಲ. ಅಂಚೆಯವನು ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿ, “ಸುಂಕದ ಬಸಪ್ಪಾರು ಅದಾರೇನ್ರಿ?” ಎಂದು ಕೇಳುತ್ತಿದ್ದ. ಹಿರಿಯರು ಬಂದರೆ “ಬರ್ರಿ ಸುಂಕದವರ” ಎನ್ನುತ್ತಿದ್ದರು. ಇದರಲ್ಲಿ ಒಂದು ಸೊಗಸಿದೆ. ಬಡಿಗೇರ, ಕಂಬಾರ ಎಂಬ ಹೆಸರುಗಳಿಗೆ ‘ಅವರು’ ಸೇರಿದರೆ ಅದು ಗೌರವದ ಮಾತಷ್ಟೇ. ಆದರೆ ‘ಸುಂಕದ’ ಎಂಬುದಕ್ಕೆ ‘ಅವರು’ ಸೇರಿದ ಕೂಡಲೆ ‘ಸುಂಕದವರು’ ಎಂದಾಗಿ ವೃತ್ತಿಯೇ ಮತ್ತೆ ಎದ್ದು ಬರುತ್ತದೆ. ನಾವು ನಾಲ್ಕು ತಲೆಮಾರಿನಿಂದ ಜೋಳ ಬಿತ್ತಿಕೊಂಡಿದ್ದರೂ, ಯಾರಾದರೂ ಮರ್ಯಾದೆ ಕೊಟ್ಟು ಮಾತಾಡಿಸಿದಾಗಲೆಲ್ಲ ಸುಂಕದ ಕಟ್ಟೆಯ ಮೇಲೆ ಹೋಗಿ ಕೂರುತ್ತೇವೆ.

ಶಾಲೆಯಲ್ಲಿ ಇದರಿಂದಲೇ ಒಮ್ಮೆ ಅತ್ತುಕೊಂಡು ಮನೆಗೆ ಬಂದಿದ್ದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಪಾಠದಲ್ಲಿ ಓದಿದ ದಿನ ಇಡೀ ವರ್ಗ ನನ್ನ ಕಡೆ ತಿರುಗಿ ನೋಡಿತ್ತು. ಅಜ್ಜ ಎಲೆ ಅಡಿಕೆಯ ಚಂಚಿ ಬಿಚ್ಚುತ್ತ ಹೇಳಿದ ಮಾತು ಇಂದಿಗೂ ನೆನಪಿದೆ: “ಕಮ್ಮಿ ತಂದ್ರ ದೊರಿ ಬೈತಾನ, ಜಾಸ್ತಿ ಕೇಳಿದ್ರ ಸರಕಿನಾಂವ ಬೈತಾನ. ಸುಂಕದಾಂವನ ಸುಖದುಃಖ ಕೇಳಾವ್ರು ಯಾರಪಾ?” ಗಾದೆಯನ್ನು ಆ ಬದಿಯಿಂದ ನೋಡಿದವರನ್ನು ನಾನು ಆಮೇಲೆ ಕಂಡಿಲ್ಲ.

ಈ ಹೆಸರು ಯಾಕೆ ಇಷ್ಟು ವಿರಳ ಎಂಬುದಕ್ಕೆ ನನ್ನ ಮಟ್ಟಿಗೆ ಉತ್ತರ ಆ ವೃತ್ತಿಯ ಸ್ವರೂಪದಲ್ಲೇ ಇದೆ. ಬಡಿಗ, ಕುಂಬಾರ, ತಳವಾರ ಪ್ರತಿ ಊರಿಗೂ ಬೇಕು. ಸುಂಕದ ಕಟ್ಟೆ ದಾರಿ ಕೂಡುವಲ್ಲಿ, ಘಟ್ಟ ಇಳಿಯುವಲ್ಲಿ, ಪೇಟೆಯ ಬಾಗಿಲಲ್ಲಿ ಮಾತ್ರ. ಮೇಲಾಗಿ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದ್ದಲ್ಲಿ ಕೆಲಸವು ಕೈಯಿಂದ ಕೈಗೆ ಹೋಗುತ್ತಿತ್ತು. ಬಡಿಗತನದಂತೆ ಅಪ್ಪನಿಂದ ಮಗನಿಗೆ ಬರುವಂಥದ್ದಲ್ಲ. ಮುಸ್ಲಿಂ ಅರಸರ ಮತ್ತು ಮರಾಠರ ಆಡಳಿತದಲ್ಲಿ ‘ಜಕಾತಿ’ ಎಂಬ ಮಾತು ಬಳಕೆಗೆ ಬಂದು, ಅದೇ ಕೆಲಸದವರಿಗೆ ಜಕಾತಿ ಎಂಬ ಅಡ್ಡಹೆಸರೂ ನಿಂತಿತು. ಅವರು ನಮಗೆ ಹೆಸರಿನ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಮುಂಬಯಿ ಪ್ರಾಂತದಲ್ಲಿ ಒಳನಾಡಿನ ದಾರಿಸುಂಕವನ್ನು 1830ರ ದಶಕದ ಕೊನೆಯಲ್ಲಿ ತೆಗೆದುಹಾಕಿದ ಮೇಲೆ ಕಟ್ಟೆಗಳು ಬರಿದಾದವು. ಪಟ್ಟಣಗಳ ಬಾಯಲ್ಲಿ ಉಳಿದಿದ್ದ ಆಕ್ಟ್ರಾಯ್ ನಾಕಾಗಳೂ ಕರ್ನಾಟಕದಲ್ಲಿ 1979ರಲ್ಲಿ ಹೋದವು. ಬೆಲ್ಲದ, ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಎಂದು ಸರಕಿನಿಂದಲೇ ಹೆಸರು ಪಡೆದ ಮನೆತನಗಳು ನಮ್ಮ ಕಡೆ ಬೇಕಾದಷ್ಟಿವೆ. ಅವರ ಹಿರಿಯರ ಹೇರುಗಳನ್ನು ನಿಲ್ಲಿಸಿ ಲೆಕ್ಕ ಹಿಡಿದವರ ಹೆಸರು ಮಾತ್ರ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದಿದೆ.

ಜನರಲ್ಲಿ ವಿರಳವಾದದ್ದು ನೆಲದ ಮೇಲೆ ಅಷ್ಟು ವಿರಳವಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯಿದೆ, ಮಂಗಳೂರಿನ ಬಜಪೆಯ ಬಳಿ ಇನ್ನೊಂದು ಸುಂಕದಕಟ್ಟೆಯಿದೆ, ಮೂಡಿಗೆರೆ ತಾಲ್ಲೂಕಿನಲ್ಲಿ ಸುಂಕಸಾಲೆಯಿದೆ. ಮಾಗಡಿ ರಸ್ತೆಯ ಬಸ್ಸಿನಲ್ಲಿ ನಿರ್ವಾಹಕರು “ಸುಂಕದಕಟ್ಟೆ ಯಾರ್ರೀ ಇಳಿಯೋರು?” ಎಂದು ಕೂಗುವಾಗ, ನಮ್ಮ ಹೆಸರು ಈ ಊರಲ್ಲೂ ಸರಿಯಾದ ಉಚ್ಚಾರದಲ್ಲಿ, ಮುಂದೆ ಒಂದು ನಾಮಪದವನ್ನು ಕೂಡಿಕೊಂಡೇ ಕೇಳುತ್ತದಲ್ಲ ಎಂದು ಮನಸ್ಸಿಗೆ ಹಿತವಾಗುತ್ತದೆ.

ಕೆಟ್ಟದ್ದು ಹೆಸರಿನ ಕ್ರಮ ತಿರುಗಿದ್ದರಿಂದ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಕೊನೆಗೆ ಹೋಯಿತು. ಇಂಗ್ಲಿಷಿಗೆ ಇಳಿದಾಗ ಕೊನೆಯ ಅಕಾರ ಬಿದ್ದು, ದಕಾರ ಡಕಾರವಾಯಿತು. ‘ಸುಂಕದ ಬಸಪ್ಪ’ ಎಂದರೆ ಅರ್ಥವಿರುವ ಎರಡು ಪದ, ‘ಬಸಪ್ಪ ಸುಂಕದ’ ಎಂದರೆ ಮುಂದೇನೋ ಹೇಳಲಿಕ್ಕೆ ಹೋಗಿ ಸುಮ್ಮನಾದ ಹಾಗೆ, ‘ಬಿ. ಸುಂಕಾಡ್’ ಎಂದರೆ ಏನೂ ಅಲ್ಲ. ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಈಗ ತಿದ್ದಿಸಲು ಹೊರಟರೆ ಒಂದಕ್ಕೊಂದು ತಾಳೆಯಾಗದೆ ಹೊಸ ತೊಂದರೆ ಬರುತ್ತದೆ, ಆದ್ದರಿಂದ ಅದಕ್ಕೆ ಕೈಹಾಕಿಲ್ಲ.

ಕಳೆದ ತಿಂಗಳು ತಂಗಿಯ ಲಗ್ನಪತ್ರಿಕೆಯ ಕರಡು ಪ್ರೆಸ್ಸಿನಿಂದ ಬಂತು. ಆಮಂತ್ರಿಸುವವರ ಪಟ್ಟಿಯಲ್ಲಿ ದೊಡ್ಡಪ್ಪ, ಕಾಕಾ, ಅಣ್ಣಂದಿರು ಎಲ್ಲರ ಹೆಸರಿನ ಬಾಲಕ್ಕೂ ‘ಸುಂಕದ’ ಅಂಟಿಕೊಂಡಿತ್ತು. ಕೆಂಪು ಪೆನ್ನು ಹಿಡಿದು ಕೂತೆ. ಒಟ್ಟು 11 ಹೆಸರುಗಳು. ಒಂದೊಂದರಲ್ಲೂ ಆ ಪದಕ್ಕೆ ಸುತ್ತು ಹಾಕಿ, ಬಾಣದ ಗೆರೆ ಎಳೆದು, ಎಡಕ್ಕೆ ತಂದು ನಿಲ್ಲಿಸಿದೆ.