ಯಾಬ್ಲೊನೆತ್ಸ್‌ಗೆ ಹೊತ್ತೊಯ್ದ ಹೂದಾನಿ

ಪ್ರಾಗ್‌ನ ಚೆರ್ನಿ ಮೋಸ್ಟ್ ನಿಲ್ದಾಣದಲ್ಲಿ ಜೆಕ್ ದೇಶದ ಗಾಜಿನ ಊರಾದ ಯಾಬ್ಲೊನೆತ್ಸ್ ಕಡೆಯ ಬಸ್ ಹತ್ತಿದಾಗ ನನ್ನ ತೊಡೆಯ ಮೇಲೆ ಶಾಲಿನಲ್ಲಿ ಸುತ್ತಿದ ಒಂದು ಹೂದಾನಿ ಇತ್ತು. ಹಿಂದಿನ ದಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಕೊಂಡದ್ದು. ಮಲಕೈಟ್ ಕಲ್ಲಿನಂತೆ ಹಸಿರು ಸುಳಿಗಳು, ಮೈತುಂಬ ದ್ರಾಕ್ಷಿ ಗೊಂಚಲು. 'ಇಂಗ್ರಿಡ್, 1934' ಎಂದಿದ್ದ ಮಾರಿದವನು. ಇಂಗ್ರಿಡ್ ಎಂದರೆ ಗಾಜಿನ ಉದ್ಯಮಿ ಕುರ್ಟ್ ಶ್ಲೇಫೋಗ್ಟ್ ತನ್ನ ಮಗಳ ಹೆಸರಿಟ್ಟು 1934ರಲ್ಲಿ ಲೈಪ್ಜಿಗ್ ಮೇಳಕ್ಕೆ ತಂದ ಗಾಜಿನ ಸಾಲು. ಅದು ನಿಜವೇ ಎಂದು ತಿಳಿಯದೆ ನನಗೆ ನಿದ್ದೆ ಬಂದಿರಲಿಲ್ಲ.

ಊರಿನ ಗಾಜು ಮತ್ತು ಆಭರಣ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದೆ. ಒಂದು ಕಾಲಕ್ಕೆ ಈ ಊರಿನಿಂದ ನಮ್ಮ ದೇಶಕ್ಕೆ ಗಾಜಿನ ಬಳೆಗಳು ಹೋಗುತ್ತಿದ್ದವು ಎಂಬುದು ನೆನಪಾಗಿ, ನೋಡುವ ಕಣ್ಣಿಗೆ ಒಂದು ಸಲಿಗೆ ಬಂತು.

ನಿಜವಾದ ಪಾಠವಾದದ್ದು ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ. ಅಂಗಡಿಯ ಅಜ್ಜಿ ಹೇಳುತ್ತಿದ್ದರು, ಮೊಮ್ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಅವರು ಹೂದಾನಿಯನ್ನು ನೋಡುವ ಮೊದಲೇ ಒಳಗೆ ಬೆರಳು ಹಾಕಿಸಿದರು. ಹೊರಗೆ ಗೊಂಚಲು ಉಬ್ಬಿದ್ದರೂ ಒಳಗೋಡೆ ನುಣ್ಣಗೆ. ಅಚ್ಚಿಗೆ ಕುದಿಗಾಜು ಸುರಿದು ಮೇಲಿನಿಂದ ಲೋಹದ ದಿಂಡನ್ನು ಒತ್ತುತ್ತಾರೆ. ದಿಂಡು ಹೊರಬರಬೇಕಾದ್ದರಿಂದ ಒಳಭಾಗ ಬಾಯಿಯ ಕಡೆ ಕಿರಿದಾಗುವಂತಿಲ್ಲ. ಅಚ್ಚಿನಲ್ಲಿ ಊದಿದ ಗಾಜಾದರೆ ಹೊರಗಿನ ಉಬ್ಬಿಗೆ ಸರಿಯಾಗಿ ಒಳಗೂ ತಗ್ಗು ಸಿಗುತ್ತದೆ. ಒತ್ತಿದ ಗಾಜು ಎಂಬುದಂತೂ ಖಚಿತವಾಯಿತು.

ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಂದು ಎಲೆಯ ಅಂಚನ್ನು ತೋರಿಸಿದರು. ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ಅಲ್ಲಿ ಕೂದಲೆಳೆಯಂತೆ ಎದ್ದಿತ್ತು, ಉಗುರಿಗೆ ತಾಕುತ್ತಿತ್ತು. ಎಲೆಯ ನರಗಳೂ ಮೊಂಡಾಗಿದ್ದವು. ತಮ್ಮ ಕಪಾಟಿನಿಂದ ಅದೇ ವಿನ್ಯಾಸದ ಹಳೆಯ ಹೂದಾನಿ ತೆಗೆದು ಪಕ್ಕಕ್ಕಿಟ್ಟರು. ಅದರ ನರಗಳು ಚೂಪಾಗಿದ್ದವು, ಗೆರೆಯನ್ನು ಉಜ್ಜಿ ಅಳಿಸಿದ್ದರು, ತಳ ಕನ್ನಡಿಯಂತಿತ್ತು.

ಅಚ್ಚು ಒಂದೇ, ಕಾಲ ಬೇರೆ. ಯುದ್ಧದ ನಂತರ ಕಾರ್ಖಾನೆಗಳು ಸರಕಾರದ ವಶವಾದರೂ ಅಚ್ಚುಗಳು ಉಳಿದವು, ಹತ್ತಿರದ ದೆಸ್ನಾ ಊರಿನಲ್ಲಿ ಒತ್ತುವ ಕೆಲಸ ಮುಂದುವರಿಯಿತು. ಹಾಗಾಗಿ ಅಚ್ಚಿನಲ್ಲೇ ಕೊರೆದ ಗುರುತು ಸಿಕ್ಕರೂ ಅದು ಅಚ್ಚಿನ ಗುರುತು, ವರ್ಷದ್ದಲ್ಲ. ಸಂಗ್ರಾಹಕರು ಮೋಸಹೋಗುವುದು ಇಲ್ಲಿಯೇ ಎಂದು ನನಗನಿಸುತ್ತದೆ. 1965ರಲ್ಲಿ ಹುಟ್ಟಿದ ಸರಕಾರಿ ಗಾಜು ಸಂಸ್ಥೆ ಸ್ಕ್ಲೋ ಯೂನಿಯನ್‌ನ ಹೂದಾನಿಗಳಲ್ಲಿ ತೊಡಕು ಬೇರೆ ಬಗೆಯದು: ಅಂಟಿಸಿದ ಕಾಗದದ ಚೀಟಿ ಉದುರಿಹೋದರೆ, ವಿನ್ಯಾಸಕರಾದ ಫ್ರಾಂಟಿಶೆಕ್ ವಿಜ್ನೆರ್ ಅವರ ಕೆಲಸವೋ ಅಡಾಲ್ಫ್ ಮಾತುರಾ ಅವರದೋ ಎಂಬುದನ್ನು ಹಳೆಯ ಮಾದರಿ ಪಟ್ಟಿಯ ಚಿತ್ರದೊಂದಿಗೆ ಹೋಲಿಸಿಯೇ ಗುರುತಿಸಬೇಕು.

ಬೇಸರವಾಗಲಿಲ್ಲ. ಆ ಹಸಿರು ಸುಳಿಗಳು ಆಗಲೂ ಅಷ್ಟೇ ಚೆನ್ನಾಗಿದ್ದವು. ಅಜ್ಜಿ ಒಂದು ಚೀಟಿಯಲ್ಲಿ 'ದೆಸ್ನಾ, ಯುದ್ಧದ ನಂತರ' ಎಂದು ಬರೆದು, ಮಡಚಿ, ಹೂದಾನಿಯ ಒಳಗೆ ಹಾಕಿದರು. ಅದು ಇಂದಿಗೂ ಅಲ್ಲೇ ಇದೆ.