ಮೇವ್ ಬಿಂಚಿ ಯಾಕೆ ಓದ್ತೀಯಾ ಅಂತ ಕೇಳುವವರಿಗೆ

"ಐರ್ಲೆಂಡ್ ಅಂದ್ರೆ ಜಾಯ್ಸ್, ಬೆಕೆಟ್ ಥರದ ದೊಡ್ಡ ಸಾಹಿತಿಗಳು. ಅವರನ್ನ ಬಿಟ್ಟು ಈ ಮೇವ್ ಬಿಂಚಿ ಯಾಕಮ್ಮಾ?" ನಮ್ಮ ಪುಸ್ತಕದ ಕಪಾಟಿನ ಮುಂದೆ ನಿಂತವರೆಲ್ಲ ಇದನ್ನೇ ಕೇಳುತ್ತಾರೆ. ಬಿಂಚಿ ಐರ್ಲೆಂಡಿನ ಕಾದಂಬರಿಗಾರ್ತಿ. ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಬಂದ ಚಿಕ್ಕಪ್ಪ ಬಿಂಚಿಯ ಒಂದು ಪುಸ್ತಕ ಎಳೆದರು. ರಟ್ಟಿನ ಮೇಲೆ ಹೂವಿನ ಚಿತ್ರ. ಎರಡು ಬೆರಳಲ್ಲಿ ಹಿಡಿದು, "ಬಸ್ಸಲ್ಲಿ ಓದೋ ಪುಸ್ತಕ ಅಲ್ವಾ ಇದು? ಹೆಂಗಸರ ಕಥೆ" ಅಂದರು. ಒಂದು ಪುಟವನ್ನೂ ತೆಗೆದು ನೋಡಲಿಲ್ಲ. ಒಬ್ಬಟ್ಟಿನ ತಟ್ಟೆ ಹಿಡಿದು ಬಂದ ಚಿಕ್ಕಮ್ಮ, "ಹೆಂಗಸರ ಕಥೆ ಅಂದ್ರೆ ನಿಮ್ಮನೆ ಕಥೆ ಅಲ್ವಾ ರೀ?" ಅಂದರು. ಚಿಕ್ಕಪ್ಪ ಒಬ್ಬಟ್ಟು ತಗೊಂಡರು.

ಬಸ್ಸಿನ ಮಾತು ಒಂದು ಮಾತ್ರ ನಿಜ. ಬಸ್ಸಲ್ಲಿ ಪಕ್ಕದವರು ಆಡುವ ಮಾತಿಗೆ ಬಿಂಚಿ ಕಿವಿಗೊಟ್ಟು ಕೂತಿರುತ್ತಿದ್ದರು. ಡಬ್ಲಿನ್ ಹತ್ತಿರದ ಡಾಕಿಯಲ್ಲಿ ಬೆಳೆದವರು, ಸ್ಕೂಲ್ ಟೀಚರ್. 1963ರಲ್ಲಿ ಇಸ್ರೇಲಿನ ಕಿಬ್ಬುತ್ಸ್ ಒಂದರಲ್ಲಿ, ಅಂದರೆ ಎಲ್ಲರೂ ಸೇರಿ ದುಡಿದು ಬಾಳುವ ಹಳ್ಳಿಯಲ್ಲಿ, ಇದ್ದುಕೊಂಡು ಮನೆಗೆ ಕಾಗದ ಬರೆದರು. ಅಪ್ಪ ಅದನ್ನು ಪತ್ರಿಕೆಗೆ ಕಳಿಸಿದರು, ಅಚ್ಚಾಯಿತು. ಆಮೇಲೆ ಏನು ಬರೆದರೂ ಮನೆಗೆ ಬರೆದ ಕಾಗದದ ಹಾಗೇ ಇರುತ್ತಿತ್ತು. ನನಗೆ ಅದೇ ಇಷ್ಟ.

1968ರಲ್ಲಿ 'ಐರಿಷ್ ಟೈಮ್ಸ್' ಮಹಿಳಾ ಪುಟದ ಸಂಪಾದಕಿಯಾದರು. ಮದುವೆಯಾದ ಹೆಣ್ಣು ಸರ್ಕಾರಿ ಕೆಲಸ ಬಿಡಬೇಕು ಅನ್ನುವ ನಿಯಮ ಅಲ್ಲಿ 1973ರವರೆಗೂ ಇತ್ತು. ವಿಚ್ಛೇದನಕ್ಕೆ ಜನ ಒಪ್ಪಿದ್ದೇ 1995ರಲ್ಲಿ. ಐದು ಪ್ರಕಾಶಕರು ಬೇಡ ಅಂದ ಮೇಲೆ 1982ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ, ಕುಡುಕ ಗಂಡನ ಜೊತೆ ಸಿಕ್ಕಿಹಾಕಿಕೊಂಡ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಬಿಡುಗಡೆ ಕೊಡುವ ಕಾನೂನೇ ಅವಳ ದೇಶದಲ್ಲಿಲ್ಲ. ಇದು ಟೈಂಪಾಸಾ?

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಬಿಂಚಿ ನಿನಗೆ ಹೇಗೆ ಸಿಕ್ಕಿದರು ಅಂತ.

2012ರ ಅಕ್ಟೋಬರ್ 28ರಂದು ಬೆಳಗಾವಿಯ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ಹಲ್ಲಿನ ಡಾಕ್ಟರ್, 31 ವರ್ಷ. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆಯಿರಿ ಅಂತ ಕೇಳಿಕೊಂಡಿದ್ದರು. ಆಸ್ಪತ್ರೆಯವರು ಆಗಲ್ಲ ಅಂದರು. ಮೈಯೆಲ್ಲ ನಂಜಾಯಿತು. ಆ ಸುದ್ದಿ ಓದಿ ನನಗೆ ವಾರವೆಲ್ಲ ಸರಿಯಾಗಿ ನಿದ್ದೆ ಬರಲಿಲ್ಲ. ಎಂಥ ದೇಶ ಅದು ಅಂತ ಹುಡುಕುತ್ತಾ ಹೋದೆ. ಆಗ ಸಿಕ್ಕಿದ್ದು ಬಿಂಚಿಯ ಒಂದು ಸಣ್ಣ ಕಥೆ. 1978ರ ಸಂಕಲನದ್ದು. ಅದರಲ್ಲಿ ಕಥೆಗಳಿಗೆ ಲಂಡನ್ ಸುರಂಗ ರೈಲಿನ ಸ್ಟೇಷನ್ನುಗಳ ಹೆಸರು. ಮೇ ಅನ್ನುವ ಐರಿಷ್ ಹುಡುಗಿ ಗರ್ಭಪಾತಕ್ಕೆಂದು ಲಂಡನ್ನಿಗೆ ಬರುತ್ತಾಳೆ, ಯಾಕೆಂದರೆ ಊರಲ್ಲಿ ಅದು ಅಪರಾಧ. ಭಾಷಣ ಇಲ್ಲ. ಅವಳು ತಪ್ಪು ಮಾಡಿದಳು ಅಂತಲೂ ಬಿಂಚಿ ಎಲ್ಲೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿದ ಹಾಗೆ ಬರೆದಿದ್ದಾರೆ, ಅಷ್ಟೇ. ಓದಿ ಮುಗಿಸಿ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಲಂಡನ್ನಿಗೆ ಹೋದ ಮೇ ಬದುಕಿದಳು, ಗಾಲ್ವೇಯಲ್ಲೇ ಇದ್ದ ನಮ್ಮ ಹುಡುಗಿ ಬದುಕಲಿಲ್ಲ.

ಐರ್ಲೆಂಡಿನ ಜನ ಮತ ಹಾಕಿ ಗರ್ಭಪಾತದ ಆ ಕಾನೂನು ಬದಲಿಸಿದ್ದು 2018ರಲ್ಲಿ. ಬಿಂಚಿ ಅದನ್ನು ನೋಡಲಿಲ್ಲ. ಸವಿತಾ ಹೋಗುವುದಕ್ಕೆ ಮೂರು ತಿಂಗಳು ಮುಂಚೆ, ಜುಲೈ 30ರಂದು, ಅವರೂ ತೀರಿಕೊಂಡಿದ್ದರು.

ಆ ಪುಸ್ತಕ ನಮ್ಮ ಕಪಾಟಿನ ಎರಡನೇ ಸಾಲಿನಲ್ಲಿದೆ. ಚಿಕ್ಕಪ್ಪನೂ ತಗೊಂಡು ಹೋಗಬಹುದು. ವಾಪಸ್ ಕೊಡಬೇಕು.